ಏಳು ಹಾಳೆ ನಿನ್ನೆ

ನಮ್ಮ ಊರಿನಲ್ಲಿ ಮದುವೆ ಮಾಡಿದವರು ಮರುದಿನವೂ ಛತ್ರದ ಬಾಗಿಲು ತೆರೆಸಿಡಬೇಕು. ಫೋಟೋದವನು ಬರುವುದು ಆವತ್ತು. ಮುಹೂರ್ತ ಹತ್ತೂ ಇಪ್ಪತ್ತಕ್ಕೆ ಆಗಿದ್ದರೆ ಅವನೂ ಮರುದಿನ ಹತ್ತೂ ಇಪ್ಪತ್ತಕ್ಕೆ ಸರಿಯಾಗಿ ಬಂದು, ಖಾಲಿ ಮಂಟಪದ ಮುಂದೆ ಬಗ್ಗಿ, ಎದ್ದು, ಒಂದು ಕಣ್ಣು ಮುಚ್ಚಿ ಪಟಪಟ ತೆಗೆದುಕೊಂಡು ಹೋಗುತ್ತಾನೆ. ಆವತ್ತು ಬೇರೆ ಯಾರದೋ ಮದುವೆ ಇದ್ದರೆ ಇನ್ನೂ ತಮಾಷೆ. ಇವತ್ತಿನ ಹೆಣ್ಣುಗಂಡು ಹಸೆಮಣೆ ಮೇಲೆ ಕೂತಿರುತ್ತಾರೆ. ಇವನು ಅವರ ಕಡೆಗೇ ಕ್ಯಾಮೆರಾ ಹಿಡಿದು ನಿನ್ನೆಯ ಹೆಣ್ಣುಗಂಡನ್ನು ತೆಗೆಯುತ್ತಾನೆ. ಯಾರೂ ಏನೂ ಅಂದುಕೊಳ್ಳುವುದಿಲ್ಲ. ಊಟದ ಹೊತ್ತಾದರೆ ಅವನಿಗೂ ಒಂದು ಎಲೆ ಹಾಕುತ್ತಾರೆ.

ಹೊರಗಿನವರಿಗೆ ಇದು ವಿಚಿತ್ರ. ನನಗೆ ಅವರದೇ ವಿಚಿತ್ರ. ನನ್ನ ತಂಗಿ ಮದುವೆಯಾಗಿ ಬೇರೆ ಊರಿಗೆ ಹೋದವಳು ಒಮ್ಮೆ ಆಲ್ಬಂ ತಂದಿದ್ದಳು. "ನಮ್ಮಲ್ಲಿ ನಿಂತ ತಕ್ಷಣ ಬಂದ್ಬಿಡುತ್ತೆ ಕಣೇ ಅಕ್ಕ, ನಾಳೆ ಅನ್ನೋ ರಗಳೆನೇ ಇಲ್ಲ" ಅಂತ ಜಂಬ ಬೇರೆ. ಇಡೀ ಆಲ್ಬಂ ತಿರುವಿ ಹಾಕಿದೆ. ಸಮುದ್ರ, ಮಕ್ಕಳು, ಅವಳ ಅತ್ತೆ, ನಾದಿನಿ, ನಾಯಿ ಎಲ್ಲ ಇದ್ದವು. "ನಿನ್ನ ಗಂಡ ಎಲ್ಲೇ?" ಅಂದೆ. "ತೆಗೆದಿದ್ದೇ ಅವರಲ್ವಾ, ಅವರು ಹೇಗೆ ಬರ್ತಾರೆ" ಅಂದಳು. ಪಾಪ ಅನ್ನಿಸಿತು. ನಮ್ಮಲ್ಲಿ ತೆಗೆಯುವವಳೂ ಎಲ್ಲರ ಜೊತೆ ಒತ್ತಿಕೊಂಡು ಕೂತು, ಹಲ್ಲು ಕಿರಿದು, ಫೋಟೋದಲ್ಲಿ ಬೀಳುತ್ತಾಳೆ. ಮರುದಿನ ಅದೇ ಹೊತ್ತಿಗೆ ಅದೇ ಜಾಗಕ್ಕೆ ಒಬ್ಬಳೇ ಹೋಗಬೇಕು, ಅಷ್ಟೇ.

ಆ ಒಬ್ಬಳೇ ಹೋಗುವವಳು ನಾನು. ನನ್ನ ಹೆಸರು ವಿಮಲಾಕ್ಷಿ. ಮನೆಯ ಮುಂದಿನ ಕೋಣೆಯಲ್ಲಿ ಮೆಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತೇನೆ. ಫೋಟೋ ನನ್ನ ಹುಚ್ಚು. ನನ್ನ ಹತ್ತಿರ ಇರುವುದು ಇಟ್ಟಿಗೆಯಷ್ಟು ದಪ್ಪದ ಹಳೆಯ ಕ್ಯಾಮೆರಾ. ಗುಂಡಿ ಒತ್ತಿದರೆ ಹೊಟ್ಟೆಯಿಂದ ಒಂದು ಹಾಳೆ ಹೊರಗೆ ಬರುತ್ತದೆ, ಗಾಳಿಯಲ್ಲಿ ಆಡಿಸುತ್ತ ನಿಂತರೆ ಒಂದು ನಿಮಿಷದಲ್ಲಿ ಅದರ ಮೇಲೆ ನಿನ್ನೆ ಮೂಡುತ್ತದೆ. ಹಾಳೆಗಳು ಅಂಗಡಿಗೆ ತಿಂಗಳಿಗೊಮ್ಮೆ ಬರುತ್ತವೆ, ಬಂದ ದಿನವೇ ಖಾಲಿಯಾಗುತ್ತವೆ. ಹಾಗಾಗಿ ಕಂಡಕಂಡದ್ದನ್ನು ತೆಗೆಯುವ ಹಾಗಿಲ್ಲ. ನಮ್ಮ ಮನೆಯವರೆಲ್ಲ ಎಲ್ಲಿಗಾದರೂ ಹೋದಾಗ ಮಾತ್ರ ತೆಗೆಯುತ್ತೇನೆ. ಕೆರೆ ಏರಿ, ಪಾರ್ಕು, ನಾದಿನಿಯ ಮನೆಯ ಮಾವಿನ ಮರದ ಕಟ್ಟೆ. ಹೋದ ಕಡೆ ಗಡಿಯಾರ ನೋಡಿಕೊಂಡು ಎಲ್ಲರನ್ನೂ ಎರಡು ನಿಮಿಷ ಅಲುಗಾಡದೆ ಕೂರಿಸುತ್ತೇನೆ, ಯಾಕೆಂದರೆ ನನ್ನ ಕೈಗಡಿಯಾರ ಸ್ವಲ್ಪ ಹಿಂದೆ ಮುಂದೆ ಓಡುತ್ತದೆ. ಮರುದಿನ ಆ ಜಾಗಕ್ಕೆ ಹೋಗಿ ಖಾಲಿ ಕಟ್ಟೆಗೆ ಕ್ಯಾಮೆರಾ ಹಿಡಿಯುತ್ತೇನೆ. ಎಷ್ಟೋ ಸಲ ಧೋ ಅಂತ ಮಳೆ ಸುರಿಯುತ್ತಿರುತ್ತದೆ, ಕೊಡೆಯೊಳಗೆ ನಿಂತು ಹಿಂದಿನ ದಿನದ ಬಿಸಿಲನ್ನು ತೆಗೆದುಕೊಂಡು ಬಂದಿದ್ದೇನೆ.

ಇದರಲ್ಲಿ ಒಂದು ಕಟ್ಟುನಿಟ್ಟಿದೆ. ಇನ್ನೊಬ್ಬರ ನಿನ್ನೆಯನ್ನು ಕೇಳದೆ ತೆಗೆಯಬಾರದು. ಯಾರದೇ ಮನೆ, ಅಂಗಡಿ ಕ್ಯಾಮೆರಾಕ್ಕೆ ಬೀಳುವಂತಿದ್ದರೆ ಬಾಗಿಲಲ್ಲಿ ನಿಂತು, "ನಿನ್ನೆ ತೆಗೀತೀನಿ, ಒಪ್ಪಿಗೆಯಾ?" ಅಂತ ಕೇಳಬೇಕು. ಅವರು ಒಂದು ಗಳಿಗೆ ಯೋಚಿಸುತ್ತಾರೆ. ಯೋಚಿಸದೆ ಇರುವವರನ್ನು ನಾನು ಕಂಡಿಲ್ಲ. ಆಮೇಲೆ ಒಪ್ಪಿಗೆ ಅನ್ನುತ್ತಾರೆ, ಇಲ್ಲವೆಂದರೆ ಇಲ್ಲ ಅನ್ನುತ್ತಾರೆ. ಇಲ್ಲ ಅಂದವರನ್ನು ಯಾಕೆ ಅಂತ ಕೇಳುವ ಹಾಗಿಲ್ಲ.

ಮನೆಯಲ್ಲಿ ನಾವು ನಾಲ್ಕು ಜನ. ನನ್ನ ಗಂಡ ನೀಲಕಂಠ, ಒಂಬತ್ತನೇ ಕ್ಲಾಸಿನ ಮಗಳು ರೋಹಿಣಿ, ನಮ್ಮ ಮಾವ ಸಣ್ಣತಮ್ಮಯ್ಯನವರು, ನಾನು. ಮಾವ ಹೈಸ್ಕೂಲಿನಲ್ಲಿ ನಲವತ್ತು ವರ್ಷ ಜವಾನರಾಗಿ ಗಂಟೆ ಹೊಡೆದವರು. ನಾಲ್ಕು ವರ್ಷದಿಂದ ಅವರಿಗೆ ಮರೆವು. ತಿಂಡಿ ತಿಂದು ಕೈ ತೊಳೆದು ಬಂದು, "ತಿಂಡಿ ಆಯ್ತೇನವ್ವ?" ಅನ್ನುತ್ತಾರೆ. ಮಗನನ್ನು ಕೆಲವು ಸಲ ಹೆಡ್‌ಮಾಸ್ಟರು ಅಂದುಕೊಂಡು ಎದ್ದು ನಿಲ್ಲುತ್ತಾರೆ. ಆದರೆ ಗಂಟೆಗಳನ್ನು ಮಾತ್ರ ಅವರು ಮರೆತಿಲ್ಲ. ಮಧ್ಯಾಹ್ನ ಮೂರೂ ನಲವತ್ತಕ್ಕೆ, ಅಂದರೆ ಸ್ಕೂಲು ಬಿಡುವ ಹೊತ್ತಿಗೆ, ಎಲ್ಲಿದ್ದರೂ ಒಂದು ಮೆಟ್ಟಿಲನ್ನೋ ಕಟ್ಟೆಯನ್ನೋ ಹುಡುಕಿಕೊಂಡು ಕೂರುತ್ತಾರೆ. ಕೊನೆಯ ಗಂಟೆ ಹೊಡೆದು ಸ್ಕೂಲಿನ ಮೆಟ್ಟಿಲ ಮೇಲೆ ಕೂತು ಮಕ್ಕಳು ಓಡಿಹೋಗುವುದನ್ನು ನೋಡುವುದು ಅವರ ನಲವತ್ತು ವರ್ಷದ ಅಭ್ಯಾಸ. ಅದಕ್ಕೇ ನಮ್ಮ ಮನೆಯ ಫೋಟೋಗಳೆಲ್ಲ ಮೂರೂ ನಲವತ್ತರವು. ಆ ಹೊತ್ತಿಗೆ ಮಾವನಷ್ಟು ಚೆನ್ನಾಗಿ ಕೂರುವವರು ಇನ್ನಿಲ್ಲ.

ಗೋಡೆಯ ಮೇಲಿನ ಫೋಟೋಗಳನ್ನು ಅವರು ದಿನಾ ಹೊಸದಾಗಿ ನೋಡುತ್ತಾರೆ. "ಇದ್ಯಾವಾಗ?" ಅನ್ನುತ್ತಾರೆ. "ಯುಗಾದಿ ಆದ ಮೇಲೆ ಕೆರೆಗೆ ಹೋಗಿದ್ವಲ್ಲ ಮಾವ." "ನಾನೂ ಬಂದಿದ್ನಾ?" "ನೋಡಿ, ಇಲ್ಲೇ ಇದ್ದೀರಲ್ಲ, ರೋಹಿಣಿ ಪಕ್ಕ." ಆಗ ಅವರ ಮುಖ ನೋಡಬೇಕು. ಕಳೆದುಕೊಂಡ ಚಪ್ಪಲಿ ಸಿಕ್ಕಿದವರ ಹಾಗೆ ಹಿಗ್ಗುತ್ತಾರೆ. ನನ್ನ ಹುಚ್ಚಿಗೆ ಅಷ್ಟು ಸಂಬಳ ಸಾಕಾಗಿತ್ತು.

ಹೋದ ಆಷಾಢದಲ್ಲಿ ಒಂದು ಭಾನುವಾರ ನಾವು ಪಂಪ್‌ಹೌಸಿಗೆ ಹೋದೆವು. ಊರಿಗೆ ನೀರು ಬರುವುದು ಅಲ್ಲಿಂದ. ಮುಂದೆ ಒಂದು ಹೂದೋಟ, ಕಲ್ಲಿನ ಅಗಲ ಮೆಟ್ಟಿಲು, ಹಿಂದೆ ವಾಚ್‌ಮನ್ ಮನೆ. ನಮ್ಮ ಮನೆಯಿಂದ ಎರಡು ಮೈಲಿ. ಎಷ್ಟೋ ಸಲ ಹೋದ ಜಾಗ, ಮಾವ ಮೊಮ್ಮಗಳ ಕೈ ಹಿಡಿದುಕೊಂಡು ನಡೆದೇ ಬರುತ್ತಾರೆ. ಚಿತ್ರಾನ್ನ, ಮೊಸರನ್ನ, ಹುರಿದ ಕಡ್ಲೆಕಾಯಿ ಬೀಜ ತಿಂದು ಎಲ್ಲ ಚೆನ್ನಾಗಿಯೇ ಇತ್ತು. ನಮ್ಮೆಜಮಾನರಿಗೆ ಸಂಜೆ ಯಾರನ್ನೋ ನೋಡಬೇಕಿತ್ತು, ಗಡಿಬಿಡಿ ಮಾಡಿದರು. ನಾನು ತಪ್ಪು ಮಾಡಿದೆ. ಮೂರೂವರೆಗೇ ಎಲ್ಲರನ್ನೂ ಮೆಟ್ಟಿಲ ಮೇಲೆ ಕೂರಿಸಿದೆ.

ಮಾವ ಕೂರಲಿಲ್ಲ. ಕೂತರೂ ಎದ್ದರು. "ಇನ್ನೂ ಹೊತ್ತಾಗಿಲ್ಲ, ಗಂಟೆ ಹೊಡೆದಿಲ್ಲ" ಅಂತ ಅತ್ತ ಇತ್ತ ನೋಡಿದರು. ನಾನು ಭುಜ ಹಿಡಿದು ಕೂರಿಸಿದೆ, ಮತ್ತೆ ಎದ್ದರು. ಮೂರನೇ ಸಲ ಕೂರಿಸುವಾಗ ನನ್ನ ಕೈ ಸ್ವಲ್ಪ ಗಟ್ಟಿಯಾಗಿಯೇ ಬಿದ್ದಿರಬೇಕು. ನಮ್ಮೆಜಮಾನರಿಗೆ ರೇಗಿಹೋಯಿತು. "ಬಿಡೇ ಅವರನ್ನ. ವಯಸ್ಸಾದೋರನ್ನ ಗೊಂಬೆ ಥರ ಎತ್ತಿ ಎತ್ತಿ ಕೂರಿಸ್ತೀಯಲ್ಲ" ಅಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಸುಮ್ಮನಾಗುತ್ತಿದ್ದೆ. "ನಾಳೆ ಬಂದು ಖಾಲಿ ಮೆಟ್ಟಿಲ ಮುಂದೆ ಒಬ್ಬಳೇ ಕಣ್ಣು ಕಿರಿದು ಮಾಡ್ಕೊಂಡು ನಿಂತಿರ್ತೀಯ. ನೋಡಿದೋರು ಹುಚ್ಚಿ ಅಂತಾರೆ. ಮನೆಮಂದಿಗೆಲ್ಲ ಒಂದು ದಿನ, ನಿಂಗೆ ಮಾತ್ರ ಎಲ್ಲಕ್ಕೂ ಎರಡೆರಡು ದಿನ" ಅಂದರು. ನನಗೆ ಕಣ್ಣಲ್ಲಿ ನೀರು ಬಂತು. "ಸರಿ ಬಿಡಿ. ನಾಳೆ ಬರಲ್ಲ. ಇನ್ನು ಯಾವತ್ತೂ ತೆಗೆಯಲ್ಲ" ಅಂದೆ. ರೋಹಿಣಿ, "ಶುರುವಾಯ್ತು" ಅಂತ ಹೂಗಿಡದ ಕಡೆ ಹೋದಳು. ಮೂರೂ ನಲವತ್ತಾದಾಗ ಮಾವ ತಾವಾಗಿಯೇ ಹೋಗಿ ಮೆಟ್ಟಿಲ ಮೇಲೆ ಕೂತರು. ಪಕ್ಕದಲ್ಲಿ ಕೂರಲು ಯಾರೂ ಹೋಗಲಿಲ್ಲ, ನಾವು ಮೂರು ಜನ ಮೂರು ಕಡೆ ಮುಖ ಊದಿಸಿಕೊಂಡು ನಿಂತಿದ್ದೆವು.

ಸೋಮವಾರ ನಾನು ಹಟ ಹಿಡಿದು ಫೋಟೋ ತೆಗೆಯಲು ಹೋಗಲಿಲ್ಲ. ಮಧ್ಯಾಹ್ನ ಬಾಗಿಲಿಗೆ ಬೆನ್ನು ಮಾಡಿ ಕೂತು ಮೆಷಿನ್ ತುಳಿಯುತ್ತಿದ್ದೆ. ಎರಡೂವರೆ ಬಸ್ಸು ಹಾರನ್ ಹೊಡೆದುಕೊಂಡು ಹೋಯಿತು. ಫೋಟೋ ತೆಗೆಯಲು ಹೋಗುವ ದಿನ ನಾನು ಹೊರಡುವುದು ಆ ಹೊತ್ತಿಗೇ. ಮಾವ ಹಿಂದೆ ಬಂದು ನಿಂತರು. "ಹೊರಡಲ್ವೇನವ್ವ?" ಅಂದರು. ನಾನು ತಿರುಗಿ ಕೂಡ ನೋಡಲಿಲ್ಲ. "ಇಲ್ಲ ಮಾವ. ಇವತ್ತು ಯಾರೂ ಎಲ್ಲಿಗೂ ಹೋಗಲ್ಲ" ಅಂದು ಇನ್ನೂ ಜೋರಾಗಿ ತುಳಿದೆ. ಆ ಸದ್ದಿನಲ್ಲಿ ಗೇಟಿನ ಚಿಲಕ ತೆಗೆದದ್ದು ನನಗೆ ಕೇಳಿಸಲಿಲ್ಲ.

ಕಾಫಿ ಹೊತ್ತಿಗೆ ನೋಡಿದರೆ ಮಾವ ಇಲ್ಲ. ಹಿತ್ತಿಲು, ಪಕ್ಕದ ಮನೆ, ಬೀದಿ ಕೊನೆ, ಎಲ್ಲೂ ಇಲ್ಲ. ನಮ್ಮೆಜಮಾನರು ಬಂದವರೇ ಸೈಕಲ್ ತಿರುಗಿಸಿಕೊಂಡು ಸ್ಕೂಲಿಗೆ ಓಡಿದರು. ಹಿಂದೆ ಎರಡು ಸಲ ಹೀಗೆ ಹೋಗಿದ್ದಾಗ ಅಲ್ಲೇ ಸಿಕ್ಕಿದ್ದರು. ಈ ಸಲ ಅಲ್ಲಿ ಇರಲಿಲ್ಲ. ಬೀದಿಯವರೆಲ್ಲ ಹುಡುಕಿದರು, ಸ್ಟೇಷನ್ನಿಗೆ ಬರೆದುಕೊಟ್ಟದ್ದಾಯಿತು. ರಾತ್ರಿ ಯಾರೂ ಮಲಗಲಿಲ್ಲ. ಬೆಳಿಗ್ಗೆ ಮತ್ತೆ ಸ್ಕೂಲು, ಆಸ್ಪತ್ರೆ, ಬಸ್‌ಸ್ಟ್ಯಾಂಡು. "ಕೊನೆಗೆ ನಿನ್ನ ಹತ್ರ ಏನಂದ್ರು ಅಪ್ಪ?" ಅಂತ ನಮ್ಮೆಜಮಾನರು ಕೇಳಿದರು. ನಡೆದದ್ದು ನಡೆದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಂಗಳವಾರ ಮಧ್ಯಾಹ್ನ ಎರಡರ ಹೊತ್ತಿಗೆ ಮೊಳೆಗೆ ನೇತುಹಾಕಿದ್ದ ಕ್ಯಾಮೆರಾ ಕಣ್ಣಿಗೆ ಬಿತ್ತು. ನನ್ನ ತಲೆಗೆ ಅಷ್ಟು ಹೊತ್ತೂ ಹೊಳೆದಿರಲಿಲ್ಲ. ಮಾವ ಗೇಟು ದಾಟಿದ್ದು ನಿನ್ನೆ ಎರಡೂವರೆ ಆದ ಮೇಲೆ. ಇವತ್ತು ಅದೇ ಹೊತ್ತಿಗೆ ಗೇಟಿಗೆ ಕ್ಯಾಮೆರಾ ಹಿಡಿದರೆ ಯಾವ ಕಡೆ ತಿರುಗಿದರೆಂದು ಗೊತ್ತಾಗುತ್ತದೆ. ಒಳಗೆ ಎಷ್ಟು ಹಾಳೆ ಇವೆ ಅಂತ ನೋಡಿದೆ. ಏಳು. ಅಂಗಡಿಗೆ ಹೊಸ ಹಾಳೆ ಬರಲು ಇನ್ನೂ ಹತ್ತು ದಿನವಿತ್ತು. ನಮ್ಮೆಜಮಾನರು ಆಗಲೇ ಕೆರೆಯ ಕಡೆ ಹೋಗಿದ್ದರು. ರೋಹಿಣಿಯನ್ನು ಮನೆಯಲ್ಲಿರಲು ಹೇಳಿ ಬಾಗಿಲಲ್ಲಿ ನಿಂತೆ. ಬಸ್ಸಿನ ಹಾರನ್ ಕೇಳಿಸಿತು. ಮಾವ ನನ್ನ ಹತ್ತಿರ ಮಾತಾಡಿ ಗೇಟು ತಲುಪುವಷ್ಟು ಹೊತ್ತು ಅಂದಾಜು ಮಾಡಿ, ಇನ್ನೂರು ಎಣಿಸಿ ಒತ್ತಿದೆ.

ಹಾಳೆಯ ಮೇಲೆ ಮೊದಲು ಗೇಟು ಮೂಡಿತು, ಆಮೇಲೆ ಮಾವ. ಒಂದು ಕಾಲು ಹೊರಗಿಟ್ಟು ತಿರುಗಿ ಮನೆಯ ಕಡೆ ನೋಡುತ್ತಿದ್ದರು. ಹೆಗಲ ಮೇಲೆ ಟವೆಲ್ಲು, ಕಂಕುಳಲ್ಲಿ ಕೊಡೆ, ಕೊಡೆಯ ಮರೆಯಲ್ಲಿ ಇನ್ನೇನೋ. ನೋಡುತ್ತಿದ್ದದ್ದು ನನ್ನನ್ನು. ನನ್ನ ಬೆನ್ನನ್ನು. ಹೊರಗಿಟ್ಟಿದ್ದ ಕಾಲು ಎಡಕ್ಕೆ ತಿರುಗಿತ್ತು. ಸ್ಕೂಲು ಇರುವುದು ಬಲಕ್ಕೆ. ನಾವೆಲ್ಲ ಹೆಚ್ಚಾಗಿ ಹುಡುಕಿದ್ದೂ ಬಲಕ್ಕೆ.

ಓಡೋಡಿ ಅರಳಿಕಟ್ಟೆಗೆ ಹೋದೆ. ಅಲ್ಲಿಂದ ಮೂರು ದಾರಿ ಒಡೆಯುತ್ತವೆ. ಏದುಸಿರು ಬಿಡುತ್ತಲೇ ಒತ್ತಿದೆ. ಹಾಳೆಯಲ್ಲಿ ಎರಡು ಎಮ್ಮೆ ಬಂದವು, ಮಾವ ಬರಲಿಲ್ಲ. ಆಮೇಲೆ ನನ್ನ ದಡ್ಡತನ ನನಗೇ ಅರ್ಥವಾಯಿತು. ಮಾವ ಎಂದಾದರೂ ಓಡುತ್ತಾರೆಯೇ. ನಾನು ಅವರಿಗಿಂತ ಮುಂದೆ ಬಂದುಬಿಟ್ಟಿದ್ದೆ, ನಿನ್ನೆಯ ಮಾವ ಇನ್ನೂ ಹಿಂದಿನ ಬೀದಿಯಲ್ಲಿ ನಿಧಾನಕ್ಕೆ ನಡೆದು ಬರುತ್ತಿದ್ದರು. ಹೆದರಿಕೆಗೆ ಒಂದು ಹಾಳೆ ದಂಡವಾಯಿತು. ಕಟ್ಟೆಯ ಮೇಲೆ ಕೂತೆ. ಹುಡುಕುವವಳು ಕೂತು ಕಾಯಬೇಕಲ್ಲ. ಮಾವ ನಮ್ಮ ಬೀದಿಯಿಂದ ಕಟ್ಟೆಗೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆ, ನಡುವೆ ಎಲ್ಲಿ ನಿಲ್ಲುತ್ತಾರೆ ಅಂತ ಮನಸ್ಸಿನಲ್ಲೇ ಅವರನ್ನು ನಡೆಸಿಕೊಂಡು ಬಂದೆ. ನಾಲ್ಕು ವರ್ಷದಲ್ಲಿ ಅವರ ನಡಿಗೆಯನ್ನು ಅಷ್ಟು ಸರಿಯಾಗಿ ನೆನಪಿಸಿಕೊಂಡದ್ದು ಅದೇ ಮೊದಲು. ಮೂರನೇ ಹಾಳೆ ತೆಗೆದೆ. ಮಾವ ಬಂದಿದ್ದರು. ನಾನು ಕೂತಿದ್ದ ಕಟ್ಟೆಯ ಪಕ್ಕದಲ್ಲೇ, ಹಿಟ್ಟಿನ ಮಿಲ್ಲಿನ ಬೀದಿಗೆ ಮುಖ ಮಾಡಿಕೊಂಡು.

ಅಲ್ಲಿಂದ ಅವರ ಹೆಜ್ಜೆಯಲ್ಲಿಯೇ ನಡೆದೆ. ಮಿಲ್ಲಿನ ಹತ್ತಿರ ದಾರಿ ಮತ್ತೆ ಎರಡಾಗುತ್ತದೆ, ಒಂದು ಬಸ್‌ಸ್ಟ್ಯಾಂಡಿಗೆ, ಇನ್ನೊಂದು ಕಾಲುವೆಗೆ. ಎಲ್ಲಿ ನಿಂತು ಹಿಡಿದರೂ ಮಿಲ್ಲಿನ ಜಗುಲಿ ಬೀಳುತ್ತಿತ್ತು. ಯಜಮಾನರು ಒಳಗಿದ್ದರು. ಊರಿಗೆಲ್ಲ ಗೊತ್ತಿರುವ ಜಗಳಗಂಟ ಮನುಷ್ಯ, ಎದುರು ಮನೆಯ ಒಡಹುಟ್ಟಿದ ತಮ್ಮನ ಜೊತೆ ಹನ್ನೆರಡು ವರ್ಷದಿಂದ ಮಾತಿಲ್ಲ. "ನಿನ್ನೆ ತೆಗೀತೀನಿ, ಒಪ್ಪಿಗೆಯಾ?" ಅಂದೆ. "ನಿನ್ನೆ ಈ ಹೊತ್ತಿಂದಾ?" ಅಂದರು. ಮುಖ ಸಣ್ಣದಾಯಿತು. "ಬ್ಯಾಡ ಕಣಮ್ಮ. ಬೇರೆ ಎಲ್ಲಾದ್ರೂ ನಿಂತ್ಕೊಳಿ" ಅಂದರು. ಇಲ್ಲ ಅಂದವರನ್ನು ಕೇಳಬಾರದು. ನಾನು ಕೇಳಲಿಲ್ಲ, ಆದರೆ ಅಲ್ಲಿಂದ ಹೋಗಲೂ ಆಗಲಿಲ್ಲ. "ನಮ್ಮ ಮಾವ ನಿನ್ನೆಯಿಂದ ಇಲ್ಲ" ಅಂದೆ. ಅವರು ಕೈಯಲ್ಲಿದ್ದ ಹಿಟ್ಟು ಕೊಡವಿಕೊಂಡರು. "ಗಂಟೆ ತಮ್ಮಯ್ಯನೋರಾ? ನಂಗೆ ದಿನಾ ಗೇಟು ತೆಗೆದು ಬಿಡ್ತಿದ್ರು, ಸ್ಕೂಲಿಗೆ ಲೇಟಾಗಿ ಹೋದ್ರೂ" ಅಂದರು. "ತೆಗೀರಿ. ಕಂಡಿದ್ದು ನಿಮ್ಮತ್ರಾನೇ ಇರ್ಲಿ."

ತೆಗೆದೆ. ಮಾವ ಕಾಲುವೆ ದಾರಿಗೆ ತಿರುಗಿದ್ದರು. ಹಾಳೆಯ ಎಡ ಅಂಚಿನಲ್ಲಿ ಜಗುಲಿ. ಅದರ ಮೇಲೆ ಮಿಲ್ಲಿನ ಯಜಮಾನರೂ ಅವರ ತಮ್ಮನೂ ಕೂತು ಒಂದೇ ಪೇಪರಿನಲ್ಲಿ ಬೋಂಡ ತಿನ್ನುತ್ತಿದ್ದರು. ನಾನು ಆ ಅಂಚನ್ನು ಹರಿದು ಅವರ ಕೈಗೆ ಕೊಟ್ಟೆ. ಅವರು ನೋಡಿ, ಮಡಿಸಿ, ಜೇಬಿಗೆ ಹಾಕಿಕೊಂಡರು. "ಮನೆ ಹೆಂಗಸರಿಗೆ ಇನ್ನೂ ಗೊತ್ತಿಲ್ಲ" ಅಂದರು. ನಮ್ಮ ಊರಿನ ಹೆಸರನ್ನು ಇಲ್ಲಿ ನಾನು ಬರೆಯದಿರುವುದಕ್ಕೆ ಇದೂ ಒಂದು ಕಾರಣ.

ಕಾಲುವೆ ದಾರಿಯಲ್ಲಿ ಉದ್ದಕ್ಕೂ ನೀರು ನೋಡುತ್ತಲೇ ನಡೆದೆ. ನೀರು ತುಂಬಿ ಹರಿಯುವ ಕಾಲ. ಸೇತುವೆಗೆ ತಡೆಗೋಡೆ ಮೊಳಕಾಲಿನಷ್ಟೂ ಎತ್ತರವಿಲ್ಲ. ಐದನೇ ಹಾಳೆಯನ್ನು ಸೇತುವೆಯ ಮೇಲೆ ತೆಗೆದೆ. ಅದು ಮೂಡುವ ಒಂದು ನಿಮಿಷ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಕಣ್ಣು ಬಿಟ್ಟಾಗ ಮಾವ ಗೋಡೆಯ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದರು. ಕೊಡೆ ಪಕ್ಕಕ್ಕಿಟ್ಟಿದ್ದರು. ಅದರ ಮರೆಯಲ್ಲಿದ್ದದ್ದು ಈಗ ತೊಡೆಯ ಮೇಲಿತ್ತು. ನನ್ನ ಹಸಿರು ನೀರಿನ ಬಾಟಲಿ. ಫೋಟೋ ತೆಗೆಯಲು ಹೋಗುವ ದಿನ ಮಾತ್ರ ನಾನು ತೆಗೆದುಕೊಂಡು ಹೋಗುವ ಬಾಟಲಿ.

ಆಗ ನನಗೆ ಅವರು ಎಲ್ಲಿಗೆ ಹೋದರೆಂದು ಗೊತ್ತಾಯಿತು. ಇದು ನನ್ನದೇ ದಾರಿ. ಭಾನುವಾರ ಹೋದ ಜಾಗಕ್ಕೆ ಸೋಮವಾರ ನಾನು ಒಬ್ಬಳೇ ಹೋಗುವ ದಾರಿ. ನಾವು ಹಿಂದಿನ ದಿನವಷ್ಟೇ ಹೋಗಿ ಬಂದ ಜಾಗ ನಮ್ಮಲ್ಲಿ ಒಬ್ಬರಿಗೂ ನೆನಪಾಗಲಿಲ್ಲವಲ್ಲ. ಭಾನುವಾರದ್ದೆಲ್ಲ ಮಾವ ಭಾನುವಾರವೇ ಮರೆತಿರುತ್ತಾರೆ ಅಂತ ನಾವು ತೀರ್ಮಾನ ಮಾಡಿಬಿಟ್ಟಿದ್ದೆವು. ಇನ್ನು ಅವರ ಹೆಜ್ಜೆಗೆ ಕಾಯುವ ಕೆಲಸವಿರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಓಡಿದೆ.

ಪಂಪ್‌ಹೌಸಿನ ಗೇಟು ತಲುಪಿದಾಗ ಮೂರೂ ಮೂವತ್ತೊಂಬತ್ತು. ಮೆಟ್ಟಿಲು ಖಾಲಿಯಾಗಿತ್ತು. ಮಾವ ಬಂದಿದ್ದದ್ದು ನಿನ್ನೆ. ಆಮೇಲೆ ಒಂದು ಸಂಜೆ, ಒಂದು ರಾತ್ರಿ, ಒಂದು ಹಗಲು ಕಳೆದಿತ್ತು. ಇಲ್ಲಿಂದ ಎಲ್ಲಿಗೆ ಎದ್ದು ಹೋದರೋ, ಉಳಿದಿರುವುದು ಎರಡೇ ಹಾಳೆ. ಅಳು ಒತ್ತಿಕೊಂಡು ಬಂತು. ಆದರೂ ಇಷ್ಟು ವರ್ಷ ನಿಂತ ಜಾಗದಲ್ಲೇ ನಿಂತು ಕ್ಯಾಮೆರಾ ಕಣ್ಣಿಗೆ ಹಿಡಿದೆ. ಮೂರೂ ನಲವತ್ತಾಯಿತು. ಒತ್ತಿದೆ.

ಕ್ಯಾಮೆರಾದ ಕಂಡಿಯಲ್ಲಿ ಕಾಣುವುದು ಇವತ್ತು, ಹಾಳೆಯಲ್ಲಿ ಮೂಡುವುದು ನಿನ್ನೆ. ನಾನು ಇನ್ನೂ ಕಂಡಿಯಲ್ಲಿ ಕಣ್ಣಿಟ್ಟಿದ್ದೆ. ಖಾಲಿ ಮೆಟ್ಟಿಲ ಬಲಗಡೆಯಿಂದ ಒಬ್ಬರು ನಿಧಾನವಾಗಿ ನಡೆದು ಬಂದರು. ಟವೆಲ್ಲು ಕೊಡವಿ ಹಾಸಿದರು, ಅದರ ಪಕ್ಕದಲ್ಲಿ ಕೂತರು, ಎರಡೂ ಕೈ ಮೊಳಕಾಲ ಮೇಲೆ ಇಟ್ಟುಕೊಂಡು ನನ್ನ ಕಡೆ ನೋಡಿ ಅಲುಗಾಡದೆ ಕುಳಿತರು.

ನಾನು ಹೇಗೆ ಅಲ್ಲಿಗೆ ಹೋದೆನೋ ಗೊತ್ತಿಲ್ಲ. ಅವರ ಕಾಲ ಹತ್ತಿರ ಕೂತು ಅಳುತ್ತಿದ್ದೆ. ಹಿಂದಿನಿಂದ ವಾಚ್‌ಮನ್ ಹೆಂಡತಿ ಕೈ ಒರೆಸಿಕೊಳ್ಳುತ್ತ ಓಡಿ ಬಂದಳು. "ನೀವೇನಾ ಸೊಸೆ? ನೆನ್ನೆ ಸಾಯಂಕಾಲ ಕತ್ತಲಾದ್ರೂ ಇಲ್ಲೇ ಕುಂತಿದ್ರು ಕಣಕ್ಕ. ಮನೆ ಎಲ್ಲಿ ಅಂದ್ರೆ ಸೊಸೆ ಬತ್ತಾಳೆ ಅಂತಾರೆ, ಹೆಸರು ಕೇಳಿದ್ರೂ ಸೊಸೆ ಬತ್ತಾಳೆ ಅಂತಾರೆ. ಒಳಗೆ ಕರ್ಕೊಂಡೋಗಿ ಮುದ್ದೆ ಇಕ್ಕಿ ಮಲಗಿಸ್ದೆ. ನಮ್ಮೋರು ಪಾಳಿ ಬಿಟ್ಟು ಹೋಗಂಗಿಲ್ಲ, ಇವತ್ತು ಸಾಯಂಕಾಲ ಊರಿಗೆ ಕರ್ಕೊಂಡು ಬರೋಣ ಅಂತಿದ್ರು. ಈಗ ಮಜ್ಜಿಗೆ ಕುಡೀತಿದ್ದೋರು ಹೊತ್ತಾಯ್ತು ಅಂತ ಲೋಟ ಇಟ್ಟು ಎದ್ದು ಬಂದ್ಬುಟ್ರು." ಆಮೇಲೆ ಮಾವನ ಪಕ್ಕದಲ್ಲಿದ್ದ ಹಸಿರು ಬಾಟಲಿ ತೋರಿಸಿದಳು. "ಅದ್ರ ನೀರು ಮಾತ್ರ ಮುಟ್ಟಕ್ಕೆ ಬಿಡ್ಲಿಲ್ಲ. ತಾವೂ ಕುಡೀಲಿಲ್ಲ."

ಮಾವ ಬಾಟಲಿ ಎತ್ತಿ ನನಗೆ ಕೊಟ್ಟರು. "ನೀರು ಕುಡಿ. ಬಿಸ್ಲಲ್ಲಿ ಬಂದಿದೀಯ" ಅಂದರು. ಕುಡಿದೆ. ಒಂದು ದಿನದ ಹಳೆಯ ನೀರು, ಬೆಚ್ಚಗಿತ್ತು. "ನೆನ್ನೆ ನೀನು ಬರ್ಲಿ‌ಲ್ಲ" ಅಂದರು ಮಾವ. ಬೆಳಗಿನ ತಿಂಡಿ ನೆನಪಿರದವರ ಬಾಯಲ್ಲಿ ನೆನ್ನೆ ಅನ್ನುವ ಮಾತು. "ನೀವ್ಯಾಕೆ ಬಂದ್ರಿ ಮಾವ? ಇಷ್ಟು ದೂರ, ಒಬ್ಬರೇ?" ಅಂದೆ.

ಅವರು ಇದೇನು ಕೇಳುತ್ತಾಳೆ ಅನ್ನುವ ಹಾಗೆ ನೋಡಿದರು. "ಎಲ್ರೂ ಒಟ್ಟಿಗೆ ಬತ್ತೀವಿ, ತಿಂತೀವಿ, ನಗ್ತೀವಿ, ಹೋಯ್ತೀವಿ. ಮಾರನೆ ದಿಸ ನೀನು ಒಬ್ಳೇ ಬತ್ತೀಯ. ಒಬ್ಳೇ ಬರಬಾರ್ದು ಕಣವ್ವ" ಅಂದರು. ಹದಿನೇಳು ವರ್ಷದಿಂದ ನಾನು ಒಬ್ಬಳೇ ಹೋಗಿ ಬರುತ್ತಿದ್ದೆ. ಅದನ್ನು ಒಬ್ಬರು ಲೆಕ್ಕಕ್ಕೆ ಇಟ್ಟುಕೊಂಡಿದ್ದಾರೆಂದು ನನಗೆ ತಿಳಿದೇ ಇರಲಿಲ್ಲ. ಅದೂ ಮನೆಯಲ್ಲಿ ಎಲ್ಲವನ್ನೂ ಮರೆಯುವವರು.

ಕೈಯಲ್ಲಿದ್ದ ಆರನೇ ಹಾಳೆ ಅಷ್ಟು ಹೊತ್ತಿಗೆ ಮೂಡಿತ್ತು. ಸೋಮವಾರದ ಮಾವ ಇದೇ ಮೆಟ್ಟಿಲ ಮೇಲೆ ಹೀಗೇ ಕೂತಿದ್ದರು. ಪಕ್ಕದಲ್ಲಿ ಟವೆಲ್ಲು ಹಾಸಿತ್ತು, ಅದರ ಮೇಲೆ ಯಾರೂ ಇರಲಿಲ್ಲ. ನಾನು ಆ ಟವೆಲ್ಲಿನ ಮೇಲೆ ಕೂತೆ. "ನಾಳೆ ತೆಗೀತೀನಿ, ಒಪ್ಪಿಗೆಯಾ ಮಾವ?" ಅಂದೆ. "ಒಪ್ಪಿಗೆ" ಅಂದರು. ಎರಡು ನಿಮಿಷ ಇಬ್ಬರೂ ಅಲುಗಾಡಲಿಲ್ಲ. ಅದಾದ ಮೇಲೂ ತುಂಬ ಹೊತ್ತು ಕೂತಿದ್ದೆವು.

ಬುಧವಾರ ನನಗೆ ಜ್ವರ, ಓಡಿದ ಕಾಲು ಊದಿಕೊಂಡಿತ್ತು. ಮಧ್ಯಾಹ್ನ ಕಣ್ಣು ಬಿಟ್ಟಾಗ ಮೊಳೆಯ ಮೇಲೆ ಕ್ಯಾಮೆರಾ ಇರಲಿಲ್ಲ. ಹೊರಗೆ ಜೋರು ಮಳೆ. ರೋಹಿಣಿಯನ್ನು ಕೇಳಿದರೆ, "ಅಪ್ಪ ತಗೊಂಡು ಹೋದ್ರು. ಯಾವ ಗುಂಡಿ ಒತ್ತಬೇಕು ಅಂತ ನನ್ನ ಕೇಳಿದ್ರು" ಅಂತ ನಕ್ಕಳು. ಐದರ ಹೊತ್ತಿಗೆ ನಮ್ಮೆಜಮಾನರು ತೊಪ್ಪೆಯಾಗಿ ಬಂದರು. ಅಂಗಿಯೊಳಗಿಂದ, ಎದೆಗೆ ಅಂಟಿಸಿಕೊಂಡಿದ್ದ ಹಾಳೆ ತೆಗೆದು ಮೆಷಿನ್ ಮೇಲಿಟ್ಟರು. ಒಳ್ಳೆಯ ಬಿಸಿಲು, ಕಲ್ಲಿನ ಮೆಟ್ಟಿಲು, ಅತ್ತು ಮುಖ ಬಾತುಕೊಂಡ ನಾನು, ನನ್ನ ಪಕ್ಕದಲ್ಲಿ ನೆಟ್ಟಗೆ ಕೂತ ಮಾವ.

"ಚೆನ್ನಾಗಿ ಬಂದಿದೆ" ಅಂದೆ. ಅವರು ತಲೆ ಒರೆಸಿಕೊಳ್ಳುತ್ತಿದ್ದರು. "ಅಲ್ಲಿ ಒಬ್ಬನೇ ನಿಂತ್ರೆ ಒಂಥರಾ ಆಗುತ್ತೆ ಕಣೇ" ಅಂದರು. "ನೀವಿಬ್ಬರೂ ಅಲ್ಲೇ ಇದ್ದೀರ ಅಂತ ಗೊತ್ತು. ಆದ್ರೂ ಮೆಟ್ಟಿಲು ಖಾಲಿ. ಒತ್ತೋಕೆ ಕೈ ಬರಲಿಲ್ಲ ಸ್ವಲ್ಪ ಹೊತ್ತು. ನೀನು ಇಷ್ಟು ವರ್ಷ..." ಅಂದು ಅಷ್ಟಕ್ಕೇ ಬಿಟ್ಟರು. ಭಾನುವಾರದ ಮಾತಿಗೆ ಅವರು ಕ್ಷಮೆ ಕೇಳಲಿಲ್ಲ, ನಾನೂ ಕೇಳಬೇಕೆಂದುಕೊಳ್ಳಲಿಲ್ಲ. ಟವೆಲ್ಲು ಅವರ ಕೈಯಿಂದ ತೆಗೆದುಕೊಂಡು ನಾನೇ ತಲೆ ಒರೆಸಿದೆ.

ಗುರುವಾರ ಬೆಳಿಗ್ಗೆ ರೋಹಿಣಿ ಸ್ಕೂಲಿಗೆ ಹೊರಡುವ ಮೊದಲು ಆ ಫೋಟೋವನ್ನು ಗೋಡೆಗೆ ಅಂಟಿಸಿದೆವು. ಊಟವಾದ ಮೇಲೆ ಮಾವ ಅದರ ಮುಂದೆ ನಿಂತರು. "ಇದ್ಯಾವಾಗ?" ಅಂದರು. "ಮೊನ್ನೆ ಮಾವ, ಪಂಪ್‌ಹೌಸ್ ಹತ್ರ" ಅಂದೆ. "ನಾನೂ ಬಂದಿದ್ನಾ?" "ನೀವೇ ಮೊದಲು ಬಂದಿದ್ರಿ." ಹಿಗ್ಗಿದರು. ಸ್ವಲ್ಪ ಹೊತ್ತು ನೋಡಿ, "ತೆಗೆದೋರು ಯಾರು?" ಅಂದರು. ಆವತ್ತು ರಜ ಹಾಕಿದ್ದ ನಮ್ಮೆಜಮಾನರು ಪೇಪರಿನಿಂದ ತಲೆ ಎತ್ತಿ, "ನಾನು ಕಣಪ್ಪ. ನಿನ್ನೆ ಹೋಗಿದ್ದೆ" ಅಂದರು.

"ಒಬ್ನೇ ಹೋಗಿದ್ದಾ?"

"ಹೂಂ."

ಎರಡೂವರೆ ಬಸ್ಸು ಹಾರನ್ ಹೊಡೆದುಕೊಂಡು ಹೋಯಿತು. ಮಾವ ಅಡುಗೆಮನೆಗೆ ಹೋಗಿ ಹಸಿರು ಬಾಟಲಿಗೆ ನೀರು ತುಂಬಿಸಿ ತಂದು ಮಗನ ಕೈಗೆ ಕೊಟ್ಟರು. ಮೂಲೆಯಿಂದ ಕೊಡೆ ತೆಗೆದುಕೊಂಡು ಚಪ್ಪಲಿ ಮೆಟ್ಟಿದರು. "ನಡಿ ಹಂಗಾದ್ರೆ" ಅಂದರು.

ನಮ್ಮೆಜಮಾನರು ನನ್ನ ಮುಖ ನೋಡಿದರು. ಕ್ಯಾಮೆರಾದಲ್ಲಿ ಒಂದು ಹಾಳೆಯೂ ಉಳಿದಿರಲಿಲ್ಲ. ನಾನು ಮೆಷಿನ್ ನಿಲ್ಲಿಸಿ, ಊದಿದ ಕಾಲಿಗೆ ಚಪ್ಪಲಿ ಹಾಕಿಕೊಂಡು, ಬಾಗಿಲಿಗೆ ಬೀಗ ಹಾಕಿದೆ.